ಅವಧಿ ಮೀರಿ ಕುಳಿತವನ ಬಾಡಿಗೆ: ಒಂದು ಗಾಲವೀಯ ಮೀಮಾಂಸೆ

ಬಾಕಿ ಲೆಕ್ಕದ ಶಾಸ್ತ್ರವನ್ನು ಆರಂಭಿಸುವ ಅಧಿಕಾರ ಗಲಗಲಿಗೇ ಸಲ್ಲತಕ್ಕದ್ದು. ಕೃಷ್ಣೆಯ ದಂಡೆಯ ಈ ಊರು ಗಾಲವ ಋಷಿಯ ತಪೋಭೂಮಿ ಎಂಬ ಪ್ರತೀತಿಯಿದೆ. ಗಾಲವನಷ್ಟು ಬಾಕಿಯಲ್ಲಿ ಸಿಕ್ಕಿಬಿದ್ದವನು ಹರಿಶ್ಚಂದ್ರನನ್ನು ಬಿಟ್ಟರೆ ಪುರಾಣದಲ್ಲಿ ಮತ್ತೊಬ್ಬನಿಲ್ಲ; ಇಬ್ಬರ ವಸೂಲಿದಾರನೂ ವಿಶ್ವಾಮಿತ್ರನೇ. ಉದ್ಯೋಗಪರ್ವದ ಪ್ರಕಾರ ಗುರುದಕ್ಷಿಣೆ 800 ಬಿಳಿ ಕುದುರೆ, ಪ್ರತಿಯೊಂದಕ್ಕೂ ಒಂದು ಕಿವಿ ಕಪ್ಪು. ಗಾಲವನ ಕೈಯಲ್ಲಿ ಒಂದೂ ಇಲ್ಲ. ಯಯಾತಿ ಕುದುರೆಯ ಬದಲು ಮಗಳು ಮಾಧವಿಯನ್ನು ಕೊಟ್ಟ. ಮೂವರು ರಾಜರು ತಲಾ 200 ಕುದುರೆ ತೆತ್ತು, ಒಂದೊಂದು ಮಗು ಹುಟ್ಟುವವರೆಗೆ ಆಕೆಯನ್ನು ಇಟ್ಟುಕೊಂಡರು. ಅವಧಿ ಮುಗಿದ ಕೂಡಲೇ ಗಾಲವ ಬಾಗಿಲಲ್ಲಿ ಹಾಜರು, ರಾಜರು ಮರುಮಾತಿಲ್ಲದೆ ಒಪ್ಪಿಸಿದರು. ಮಾಧವಿಯನ್ನು ಯಾರೂ ಕೇಳಲಿಲ್ಲ. ಆಸ್ತಿಯನ್ನು ಕೇಳುವ ಪದ್ಧತಿ ಆಗಲೂ ಇರಲಿಲ್ಲ. ಉಳಿದ 200 ಕುದುರೆಯ ಲೆಕ್ಕಕ್ಕೆ ಆಕೆಯನ್ನೇ ಗುರುವಿಗೆ ಜಮಾ ಮಾಡಲಾಯಿತು. ಕರಾರಿನ ದಿನಕ್ಕೆ ಸರಿಯಾಗಿ ತೆರವಾದ ಉದಾಹರಣೆ ಈ ಕ್ಷೇತ್ರದ ಪರಂಪರೆಯಲ್ಲಿ ಪ್ರಸ್ತುತ ಲೇಖಕನಿಗೆ ದೊರೆತದ್ದು ಇದೊಂದೇ, ಅದೂ ಮಾನ ಹೆಚ್ಚಿಸುವಂಥದ್ದಲ್ಲ.

ಮೊದಲನೆಯ ಅಧಿಕರಣ: ಮನಿ

ವಿಷಯ: ಹನ್ನೊಂದು ತಿಂಗಳ ಕರಾರುಪತ್ರ. ವರ್ಷ ಮೀರಿದ ಲೀಸು ಕಡ್ಡಾಯವಾಗಿ ನೋಂದಣಿಯಾಗಬೇಕೆಂದು 1908ರ ನೋಂದಣಿ ಕಾಯಿದೆ ಹೇಳುವುದರಿಂದ, ಭರತಖಂಡದಲ್ಲಿ ಬಾಡಿಗೆಯ ವರ್ಷಕ್ಕೆ ಹನ್ನೊಂದೇ ತಿಂಗಳು. ಹನ್ನೆರಡನೆಯ ತಿಂಗಳಲ್ಲಿ ಮಾಲಕ ಬಾಗಿಲಿಗೆ ಬಂದು ಕೇಳುತ್ತಾನೆ:

‘ಖಾಲಿ ಮಾಡ್ತೀನಿ ಅಂತ ಶ್ರಾವಣದಾಗ ಹೇಳಿದ್ದಿ. ದಸರಾ ಆತು, ದೀಪಾವಳಿ ಬಂತು.’

‘ಹುಡುಗೂರ ಸಾಲಿ ಒಂದ್ ಮುಗೀಲಿ ಕಾಕಾ. ಒಳಗ ಬರ್ರಿ, ಚಾ ಕುಡದ ಹೋಗೀರಂತ.’

ಸಂಶಯ: ಈಗ ಇವನು ಬಾಡಿಗೆದಾರನೋ, ಅತಿಕ್ರಮಣಕಾರನೋ? ಇಲ್ಲಿ ಮೂರು ಮತಗಳಿವೆ.

ಆಂಗ್ಲಮತ ಕಠೋರ. ಬಿಡುತ್ತೇನೆಂದು ತಾನೇ ನೋಟೀಸು ಕೊಟ್ಟು ಬಿಡದವನು ಎರಡು ಪಟ್ಟು ಬಾಡಿಗೆ ಕೊಡಬೇಕೆಂದು ಇಂಗ್ಲೆಂಡಿನ 1737ರ ಕಾಯಿದೆ. ದಿಲ್ಲಿಯಲ್ಲಿ 2021ರಲ್ಲಿ ರಚಿತವಾದ ಮಾದರಿ ಬಾಡಿಗೆ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ: ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು. ಮಾದರಿ ಎಂದಮೇಲೆ ರಾಜ್ಯಗಳು ತಮ್ಮ ಕಾಯಿದೆಯಾಗಿ ತಂದರಷ್ಟೇ ಅದಕ್ಕೆ ಜೀವ. ಮೂರನೆಯದು 1882ರ ಆಸ್ತಿ ವರ್ಗಾವಣೆ ಕಾಯಿದೆಯ 116ನೆಯ ಕಲಮು, ಇದೇ ನಮ್ಮ ಆಕರಸೂತ್ರ. ಅವಧಿ ಮುಗಿದ ಮೇಲೆ ಮಾಲಕ ಬಾಡಿಗೆ ಸ್ವೀಕರಿಸಿದರೆ, ಅಥವಾ ಬೇರೆ ರೀತಿಯಲ್ಲಿ ಒಪ್ಪಿಗೆ ತೋರಿದರೆ, ಲೀಸು ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಬಿಡಿಸಬೇಕಾದರೆ ಮತ್ತೆ ಹದಿನೈದು ದಿನದ ನೋಟೀಸು.

ಉದಾಹರಣೆಗೆ ತಿಂಗಳಿಗೆ 3,000 ರೂಪಾಯಿ, ಮೀರಿ ಕುಳಿತದ್ದು ಐದು ತಿಂಗಳು. ಮಾದರಿ ಮತದಲ್ಲಿ ಮೊದಲ ಎರಡು ತಿಂಗಳಿಗೆ 12,000, ಉಳಿದ ಮೂರಕ್ಕೆ 36,000, ಒಟ್ಟು 48,000. ಕಾಕಾ ಸಮ್ಮತಿಸಿ ತಿಂಗಳು ತಿಂಗಳು ಬಾಡಿಗೆ ತೆಗೆದುಕೊಂಡಿದ್ದರೆ 15,000. ನಡುವಿನ 33,000 ರೂಪಾಯಿ ಕಾಕಾನ ದಾಕ್ಷಿಣ್ಯದ ಕಿಮ್ಮತ್ತು.

ಪೂರ್ವಪಕ್ಷ: ಕಾಕಾ ಕೈಯಾರೆ ಎಲ್ಲಿ ತೆಗೆದುಕೊಂಡ? ಅವನ ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕ್ಯೂಆರ್ ಕೋಡ್ ಇದೆ, ಪಕ್ಕದಲ್ಲಿ ಹಣ ಬಂದರೆ ಕೂಗುವ ಡಬ್ಬಿ. ಬಾಡಿಗೆದಾರ ಮನೆಯಲ್ಲಿ ಕುಳಿತೇ ಒತ್ತಿದ. ಡಬ್ಬಿ ಓಣಿಗೆಲ್ಲ ಕೇಳುವಂತೆ ‘ಮೂರು ಸಾವಿರ ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಸಾರಿತು. ಸ್ವೀಕರಿಸಿದ್ದು ಡಬ್ಬಿ, ಡಬ್ಬಿಗೆ ಮನಸ್ಸಿಲ್ಲ, ಮನಸ್ಸಿಲ್ಲದಲ್ಲಿ ಸಮ್ಮತಿಯಿಲ್ಲ.

ಸಿದ್ಧಾಂತ: ಬರೀ ಹಣ ಬಂದರೆ ಸಾಲದು, ಇಬ್ಬರ ಮನಸ್ಸೂ ಕೂಡಬೇಕೆಂಬುದು ನ್ಯಾಯಾಲಯಗಳ ಮಾತೂ ಹೌದು. ಆದರೆ ಡಬ್ಬಿ ಕೂಗಿದ ಮೇಲೆ ಕಾಕಾ ಹಣ ತಿರುಗಿ ಕಳಿಸಿದನೇ? ಕಳಿಸಲಿಲ್ಲ. ಮುಂದಿನ ತಿಂಗಳು ಕೂಗುವುದು ಎರಡು ದಿನ ತಡವಾದಾಗ ಡಬ್ಬಿ ಕೆಟ್ಟಿತೇನೋ ಎಂದು ಮೈಮೇಲೆ ಎರಡು ಬಡಿದೂ ನೋಡಿದ. ಬಡಿದು ನೋಡಿದ್ದೇ ಸಮ್ಮತಿ.

ಕಾಕಾ ಹಣ ಮುಟ್ಟದೆ ಕೋರ್ಟಿಗೆ ಹೋದರೆ ಲೆಕ್ಕವೇ ಬೇರೆ. ವಕೀಲರು ‘ಮೀನ್ ಪ್ರಾಫಿಟ್’ ಎನ್ನುತ್ತಾರೆ. ಅಕ್ರಮವಾಗಿ ಕುಳಿತವನು ಆ ಜಾಗದಿಂದ ಪಡೆದ ಲಾಭ, ಇಲ್ಲವೆ ಸಾಧಾರಣ ಕಾಳಜಿಯಿಂದ ಪಡೆಯಬಹುದಾಗಿದ್ದ ಲಾಭ, ಮೇಲೆ ಬಡ್ಡಿ. ಅವನೇ ಮಾಡಿದ ಸುಧಾರಣೆಯಿಂದ ಬಂದ ಲಾಭ ಮಾತ್ರ ಇದರಲ್ಲಿ ಸೇರದು. ಅಂದರೆ ಅಂಗಳದಲ್ಲಿ ನುಗ್ಗಿ ಗಿಡ ಹಚ್ಚಿದವನು ಕಾಯಿ ಮಾರಿ ಗಳಿಸಿದ್ದು ಅವನಿಗೇ. ಸ್ವಂತ ಉದ್ಯೋಗವಿಲ್ಲದೆ ಕಟ್ಟೆಯ ಮೇಲೆ ಕುಳಿತವನು ‘ಸಾಧಾರಣ ಕಾಳಜಿ’ಯಿಂದ ಏನೇನು ಗಳಿಸಬಹುದಾಗಿತ್ತು ಎಂಬ ವಿಚಾರಕ್ಕೆ ಊರಿನಲ್ಲಿ ಸಾಕ್ಷಿಗಳ ಕೊರತೆಯಿಲ್ಲ, ಎಲ್ಲರೂ ಪಕ್ಕದಲ್ಲೇ ಕುಳಿತಿದ್ದರು.

ಎರಡನೆಯ ಅಧಿಕರಣ: ಹೊಲ

ಇಲ್ಲಿ ಶಾಸ್ತ್ರ ಆಳಕ್ಕಿಳಿಯುತ್ತದೆ. ಹೊಲದ ಲಾವಣಿ, ಅಂದರೆ ಗೇಣಿ, ಯುಗಾದಿಯಿಂದ ಯುಗಾದಿಗೆ. ಕಬ್ಬು ಪಂಚಾಂಗ ನೋಡುವುದಿಲ್ಲ. ಯುಗಾದಿ ಬಂದಾಗ ಕಬ್ಬು ಕಟಾವಾಗಿರುತ್ತದೆ, ಆದರೆ ಅದರ ಬುಡದಲ್ಲಿ ಕುಳೆ ಒಡೆದು ಮೊಳಕಾಲೆತ್ತರ ನಿಂತಿರುತ್ತದೆ. ಕೆಲವೊಮ್ಮೆ ಕಾರ್ಖಾನೆಯ ಕಟಾವು ಗ್ಯಾಂಗೇ ಬಾರದೆ ಕಬ್ಬು ಇದ್ದಂತೆಯೇ ಇರುತ್ತದೆ. ಲಾವಣಿದಾರ ಎದ್ದು ಹೋದ. ಅವನ ಕಬ್ಬು ಕುಳಿತಿದೆ. ಬಾಡಿಗೆ ಯಾರಿಂದ?

ಗಣಿತ ಸುಲಭವೆಂದು ಶಿಷ್ಯರು ಭಾವಿಸಬಾರದು. ಕರ್ನಾಟಕ ಭೂಸುಧಾರಣೆ ಕಾಯಿದೆ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ತರುವಾಯ, ಸೈನಿಕ ಮತ್ತು ನಾವಿಕರಂಥ ಕೆಲವರನ್ನು ಬಿಟ್ಟು ಉಳಿದವರ ಸಾಗುವಳಿ ಭೂಮಿಯಲ್ಲಿ ಗೇಣಿಯನ್ನೇ ನಿಷೇಧಿಸಿತು. ಹಾಗಾಗಿ ಲಾವಣಿ ಎಂಬುದು ಕಾನೂನಿನ ದೃಷ್ಟಿಯಲ್ಲಿ ಇಲ್ಲ. ಇಲ್ಲದ ಲಾವಣಿಯ ಅವಧಿ ಮುಗಿಯುವುದಿಲ್ಲ, ಮುಗಿಯದ್ದನ್ನು ಮೀರಲಾಗುವುದಿಲ್ಲ, ಮೀರಿದ್ದಕ್ಕೆ ನಾಲ್ಕು ಪಟ್ಟು ಹಾಕಿದರೂ ಸೊನ್ನೆಯ ನಾಲ್ಕು ಪಟ್ಟು ಸೊನ್ನೆಯೇ. ಆದರೂ ಪ್ರತಿ ಯುಗಾದಿಗೆ ಆ ಸೊನ್ನೆಯನ್ನು ನೋಟಿನ ಕಟ್ಟಾಗಿ ಎಣಿಸಿ ಕೊಡಲಾಗುತ್ತದೆ, ಕಾಗದವಿಲ್ಲದೆ, ಇಬ್ಬರು ಹಿರಿಯರ ಎದುರು. ಕಾಗದ ಏಕಿಲ್ಲವೆಂದರೆ 1974ರ ಆ ಮಾರ್ಚ್ 1ರ ನೆನಪು. ಅಂದು ಗೇಣಿಯಲ್ಲಿದ್ದ ಭೂಮಿ ಸರ್ಕಾರದ ಪಾಲಾಯಿತು. ಉಳುತ್ತಿದ್ದವನು ಫಾರಂ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತು ಒಡೆಯನಾಗಿ ಹೊರಬಂದ. ಎದ್ದೇಳು ಎಂದವರ ಮಾತು ಕೇಳಿ ಫೆಬ್ರವರಿಯಲ್ಲಿ ಎದ್ದುಹೋದ ವಿನಯವಂತನ ಅರ್ಜಿಗೆ ಆಧಾರವೇ ಉಳಿಯಲಿಲ್ಲ. ಅವಧಿ ಮೀರಿ ಕುಳಿತವನಿಗೆ ದಂಡದ ಬದಲು ಪಹಣಿ ದೊರೆತ ಇಂಥ ಅಧ್ಯಾಯ ಆಂಗ್ಲಮತದಲ್ಲಿ ಎಲ್ಲಿದೆ? ಅದು ನ್ಯಾಯವೇ ಆಗಿತ್ತೆಂಬುದು ಈ ಲೇಖಕನ ಮತ, ಲೇಖಕನಿಗೆ ಹೊಲವಿಲ್ಲ.

ಕುಳೆಯ ಮಟ್ಟಿಗೆ ವ್ಯವಹಾರನಿರ್ಣಯ: ಮಾಲಕ ಮತ್ತು ಲಾವಣಿದಾರ ಕುಳೆಯನ್ನು ಪಾಲಿಗೆ ಹಚ್ಚಿಕೊಳ್ಳುತ್ತಾರೆ, ಗೊಬ್ಬರ ಯಾರದು, ನೀರು ಯಾರದು ಎಂದು ಒಂದು ವಾರ ಬಾಯಿ ಮಾಡುತ್ತಾರೆ. ಬೀಗತನವಿದ್ದರೆ ಎರಡು ವಾರ.

ಮೂರನೆಯ ಅಧಿಕರಣ: ಹೊಳಿ

ಈ ಪ್ರಾಂತದ ಅತಿ ದೊಡ್ಡ ಬಾಡಿಗೆದಾರಳು ಕೃಷ್ಣೆ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ ಶಾಸ್ತ್ರಿಗಳು 1964ರಲ್ಲಿ ಅಡಿಗಲ್ಲು ಇಟ್ಟರು. ಈಗಿನ ಕರಾರಿನ ಪ್ರಕಾರ ಹಿನ್ನೀರು 519.60 ಮೀಟರ್ ಮಟ್ಟದವರೆಗೆ ವಾಸಿಸಬಹುದು. ಮಳೆಗಾಲದಲ್ಲಿ ಬರುತ್ತಾಳೆ, ಬೇಸಿಗೆಗೆ ಸರಿಯುತ್ತಾಳೆ. ಸರಿದ ಜಾಗದಲ್ಲಿ ಹಿಂದೆ ಪರಿಹಾರ ಪಡೆದ ರೈತನೇ ಬಿತ್ತಿದರೆ, ಅವನು ಸರ್ಕಾರದ ಹೊಲದಲ್ಲಿ ಅವಧಿ ಮೀರಿ ಕುಳಿತವನು, ಸರ್ಕಾರ ಸುಮ್ಮನಿದೆ, ಸುಮ್ಮನಿರುವುದು 116ರ ‘ಬೇರೆ ರೀತಿಯ ಒಪ್ಪಿಗೆ’ಯೇ ಎಂಬುದು ಚಿಂತ್ಯ. ಪ್ರತಿಯಾಗಿ, 2019ರ ಆಗಸ್ಟಿನಲ್ಲಿ ಬಂದಂತೆ ಹೊಳೆ ಪಟ್ಟಾ ಹೊಲಕ್ಕೂ ಮನೆಗೂ ನುಗ್ಗಿದಾಗ ಮೀರಿ ಕುಳಿತವಳು ಹೊಳೆ. ಅದಕ್ಕೆ ಸಿಗುವ ಹಣದ ಹೆಸರು ಪರಿಹಾರ, ಬಾಡಿಗೆ ಎನ್ನಬಾರದು. ಬಾಡಿಗೆ ಎಂದರೆ ಎರಡು ಪಟ್ಟಿನ ಪ್ರಶ್ನೆ ಏಳುತ್ತದೆ.

ಈಗ ಆಕೆಗೆ ಮೇಲಿನ ಅಂತಸ್ತೂ ಬೇಕಾಗಿದೆ. 2010ರಲ್ಲಿ ಕೃಷ್ಣಾ ಜಲವಿವಾದದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿತು. 2013ರಲ್ಲಿ ಮತ್ತೊಮ್ಮೆ ಹೇಳಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಲಿರುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಎಂದು ದರ ಕಟ್ಟಿತು. ನಡುವಿನ ಆ 4.656 ಮೀಟರಿನಲ್ಲಿ ವಾಸಿಸುವವರು ಇಷ್ಟೂ ವರ್ಷ ಮನೆಗೆ ಸುಣ್ಣ ಹಚ್ಚಬೇಕೋ ಬೇಡವೋ ತಿಳಿಯದೆ ಕುಳಿತಿದ್ದಾರೆ. ಸ್ವಂತ ಮನೆಯಲ್ಲೇ ಅವಧಿ ಮೀರಿ ಕುಳಿತಂತಿರುವ ಈ ವರ್ಗಕ್ಕೆ 1882ರ ಕಾಯಿದೆಯಲ್ಲಿ ಕಲಮಿಲ್ಲ. ಸುಣ್ಣ ಹಚ್ಚದೆ ಉಳಿಸಿದ ಹಣವನ್ನು ಯಾರಿಗೆ ಜಮಾ ಮಾಡಬೇಕು, ಸೋರಿದ ಮಾಳಿಗೆಯನ್ನು ಯಾರಿಗೆ ಖರ್ಚು ಹಾಕಬೇಕು ಎಂಬುದನ್ನು ಮುಂದಿನ ವಿದ್ವಾಂಸರಿಗೆ ಬಿಟ್ಟಿದೆ.

ಹೊಳೆಯ ಬಾಕಿಯನ್ನು ಮಾತ್ರ ನಾಲ್ಕು ಪಟ್ಟಿನ ದರದಲ್ಲೇ ವಸೂಲು ಮಾಡಬಹುದೆಂದು ಕಟ್ಟೆಯ ಪಂಡಿತರಲ್ಲಿ ಒಮ್ಮತವಿದೆ. ಹದಿನೈದು ದಿನದ ನೋಟೀಸಿನ ಕರಡೂ ಸಿದ್ಧವಿದೆ: ‘ಕೃಷ್ಣಾ, ಕಾಯಂ ವಿಳಾಸ ಮಹಾಬಳೇಶ್ವರ, ಹಾಲಿ ವಸ್ತಿ ಗಲಗಲಿ.’ ಹಾಲಿ ವಸ್ತಿಯ ವಿಳಾಸಕ್ಕೆ ಕೊಡಲು ಹೋದ ಪೋಸ್ಟಮನ್ ಮೊಳಕಾಲು ನೀರಿನವರೆಗೆ ಹೋಗಿ, ಸ್ವೀಕರಿಸಿದವರ ಸಹಿ ಎಲ್ಲಿ ಹಾಕಿಸಲಿ ಎಂದು ಕೇಳುತ್ತಿದ್ದಾನೆ.