ಬಂದರುದ್ವಯ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಇರಲೇಬೇಕು. ವಿಷಯ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಹಂಚಿಹೋದ ಬೀಗರೆಲ್ಲ ಒಂದೇ ಕ್ರೂಸರಿನಲ್ಲಿ ಸಮುದ್ರ ನೋಡಲು ಹೊರಟರೆ ಹೋಗತಕ್ಕದ್ದು ಹೊನ್ನಾವರಕ್ಕೋ, ಕಾರವಾರಕ್ಕೋ? ಪ್ರಯೋಜನ: ಎರಡು ದಿನದ ರಜೆ. ಸಂಬಂಧ: ಆಗಲೇ ಹೇಳಿದಂತೆ ಬೀಗತನ. ಅಧಿಕಾರಿ: ಡೀಸೆಲ್ ಹಾಕಿಸುವವನು.

ಸಂಶಯ ಸಹಜವೇ. ಎರಡೂ ಉತ್ತರ ಕನ್ನಡದ ಬಂದರುಗಳು, ಎರಡರ ಬೆನ್ನಿಗೂ ಸಹ್ಯಾದ್ರಿ, ಎರಡಕ್ಕೂ ಒಂದೊಂದು ನದಿ. ಹೊನ್ನಾವರಕ್ಕೆ ಶರಾವತಿ, ಕಾರವಾರಕ್ಕೆ ಕಾಳಿ.

ಮೊದಲ ಪೂರ್ವಪಕ್ಷ ಚನ್ನಗಿರಿಯವರದು: ಹೋಗುವುದೇ ಬೇಡ. ಬೆಟ್ಟದ ನಡುವೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದ ಸೂಳೆಕೆರೆ ಮನೆ ಹತ್ತಿರವೇ ಇದೆ. ಏರಿ ಮೇಲೆ ನಿಂತರೆ ಗುಡ್ಡವೂ ಕಾಣುತ್ತದೆ, ಆಚೆ ದಡ ಕಾಣದಷ್ಟು ನೀರೂ ಇದೆ. ಹಡಗೊಂದು ಇಲ್ಲ, ಅಷ್ಟೆ. ಈ ವಾದವನ್ನು ಖಂಡಿಸುವುದು ಕಷ್ಟ. ಆದರೆ ಮಕ್ಕಳು ಅಳುವುದರಿಂದ ಅದು ತಾನಾಗಿಯೇ ಬಿದ್ದುಹೋಗುತ್ತದೆ.

ಹೊನ್ನಾಳಿಯವರದು ಜಲಶಾಸ್ತ್ರದ ತೊಡಕು. ಊರ ಮುಂದಿನ ತುಂಗಭದ್ರೆಯನ್ನು ಹಿಂಬಾಲಿಸಿಯೇ ಸಮುದ್ರ ಸೇರುತ್ತೇವೆಂದು ಹಟ ಹಿಡಿದರೆ, ಕೃಷ್ಣೆಯ ಜೊತೆಗೂಡಿ ಆಂಧ್ರದ ಹಂಸಲದೀವಿಗೆ ಹೋಗಿ ಬಂಗಾಳ ಕೊಲ್ಲಿಯಲ್ಲಿ ಕಾಲು ತೊಳೆಯಬೇಕಾಗುತ್ತದೆ. ಆದ್ದರಿಂದ ಹೊನ್ನಾಳಿಗೆ ನದಿ ಪ್ರಮಾಣವಲ್ಲ, ರಸ್ತೆಯೇ ಪ್ರಮಾಣ. ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಸೀರೆ ಕೊಳ್ಳದ ಹೊನ್ನಾಳಿಯವರುಂಟೆ? ಆ ಬಿ.ಎಚ್. ಎಂದರೆ ಬೆಂಗಳೂರು–ಹೊನ್ನಾವರ, ಹಳೆಯ 206ನೇ ರಾಷ್ಟ್ರೀಯ ಹೆದ್ದಾರಿ. ಸೀರೆ ಅಂಗಡಿಯಿಂದ ಮನೆಗೆ ತಿರುಗದೆ ಸುಮ್ಮನೆ ಮುಂದೆ ಹೋಗಿದ್ದರೆ ಸಾಗರ, ಗೇರುಸೊಪ್ಪೆ ಘಟ್ಟ ದಾಟಿ ಎಂದೋ ಹೊನ್ನಾವರ ಸೇರಿರುತ್ತಿದ್ದರು. ನಡುವೆ ಜೋಗವಿದೆ. ಶರಾವತಿ 253 ಮೀಟರ್ ಧುಮುಕುವುದನ್ನು ನೋಡುತ್ತ ಅಲ್ಲೇ ಬುತ್ತಿ ಬಿಚ್ಚಿ, ಸಮುದ್ರವನ್ನು ಮರೆತು ವಾಪಸಾದ ಪಕ್ಷಗಳೂ ಉಂಟು. ಅವನ್ನು ಈ ಗ್ರಂಥ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ನ್ಯಾಮತಿಯದೂ ಅದೇ ರಸ್ತೆ. ಆದರೂ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ ಅಭಿಪ್ರಾಯವೂ ಬೇರೆ ಇರಬೇಕಲ್ಲ. ಹಾಗಾಗಿ ಅವರು ಕಾರವಾರ ಎನ್ನುತ್ತಾರೆ. ಕಾರಣ ಕೇಳಬಾರದು.

ಇನ್ನು ಶಬ್ದಪ್ರಮಾಣ. ಕಾರವಾರದ ಪರವಾಗಿ ರವೀಂದ್ರನಾಥ ಠಾಕೂರರಿದ್ದಾರೆ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದು, 1883ರಲ್ಲಿ ಒಂದು ನಾಟಕವನ್ನೇ ಬರೆದರು. ಹೊನ್ನಾವರದ ಪರವಾಗಿ ಇಬ್ನ್ ಬತೂತಾ. 14ನೇ ಶತಮಾನದಲ್ಲಿ ಬಂದವನು ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು ಬರೆದಿಟ್ಟ. ಹಿಂದಿನ ಸೀಟಿನ ನಿವೃತ್ತ ಮೇಷ್ಟ್ರು ಈ ಅಂಕಿ ಕೇಳಿದ್ದೇ ಹೊನ್ನಾವರದ ಕಡೆ ವಾಲಿದರು. ಆದರೆ ಠಾಕೂರರಿಗೂ ಬತೂತಾನಿಗೂ ಮಿಗಿಲಾದ ಆಪ್ತವಾಕ್ಯ ಭಾವಮೈದುನನದು. ಅವನು ಕಾರವಾರಕ್ಕೆ ಹೋಗಿ ಬಂದವನು; ಅಲ್ಲಿ ಯುದ್ಧನೌಕೆಯೊಳಗೆ ಹತ್ತಿ ಇಳಿದು ಫೋಟೊ ತೆಗೆಸಿಕೊಂಡಿದ್ದಾನೆ. ‘ಚಾಪಲ್’ ಎಂಬ ಆ ಹಡಗು ಈಗ ಕಡಲತೀರದಲ್ಲಿ ವಸ್ತುಸಂಗ್ರಹಾಲಯ. ಹೊನ್ನಾವರದವರು ಪ್ರತಿಯಾಗಿ ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಉದ್ದದ ರೈಲು ಸೇತುವೆ ತೋರಿಸಬಹುದು, ಆದರೆ ಅದರೊಳಗೆ ಹತ್ತಿ ಇಳಿಯಲಾಗದು.

ಜಗಳೂರಿನದು ಪ್ರತ್ಯೇಕ ದರ್ಶನ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಗೇರುಸೊಪ್ಪೆ ಘಟ್ಟದ ಋಣ ಅದಕ್ಕಿಲ್ಲ. ಹರಿಹರ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲದ ಮೇಲೆ ಕಾರವಾರಕ್ಕೆ ಹೋಗುವುದೇ ನೇರ ಎಂದು ಅವರ ಮತ. ದೋಣಿಯಲ್ಲಿ ಹೋಗಿ ಡಾಲ್ಫಿನ್ ನೋಡುವ ಆಸೆ ತೋರಿಸಿ ಹೊನ್ನಾವರಕ್ಕೆ ಕರೆದರೂ ಅವರು ಬಗ್ಗುವುದಿಲ್ಲ. ತಮ್ಮದೇ ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಯನ್ನೇ ಇಟ್ಟುಕೊಂಡವರಿಗೆ ಡಾಲ್ಫಿನ್ ಯಾವ ಲೆಕ್ಕ? ಬರ ಕಂಡ ಸೀಮೆಯ ಅಜ್ಜ ಅಲೆ ನೋಡಿ ಹೇಳಿದ್ದಂತೂ ಸೂತ್ರಪ್ರಾಯ: “ಇಷ್ಟ್ ನೀರೈತೆ, ಒಂದೆಕ್ರಿಗೆ ಹಾಯ್ಸಾಕಾಗಲ್ಲ ಅಂದ್ರೆ ಇದನ್ನ ಕಟ್ಕಂಡು ಏನ್ಮಾಡಾದು?” ಇದಕ್ಕೆ ಯಾವ ಬಂದರಿನ ಬಳಿಯೂ ಉತ್ತರವಿಲ್ಲ.

ಊಟದ ಅಧ್ಯಾಯವನ್ನು ಬೇಗ ಮುಗಿಸೋಣ. ಮೀನಿನ ರುಚಿಯಲ್ಲಿ ಯಾವ ಊರು ಮೇಲೆಂಬ ವಿಚಾರ ನಿಷ್ಪ್ರಯೋಜಕ. ಕ್ರೂಸರಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಚೀಲ ಮಂಡಕ್ಕಿ ಮೊದಲೇ ಹತ್ತಿ ಕೂತಿರುತ್ತವೆ.

ಸಿದ್ಧಾಂತ: ಹೋಗುವಾಗ ಹೊನ್ನಾವರ, ಬರುವಾಗ ಕಾರವಾರ. ನಡುವೆ 66ನೇ ಹೆದ್ದಾರಿಯಲ್ಲಿ ಸುಮಾರು 90 ಕಿಲೋಮೀಟರ್. ಗೇರುಸೊಪ್ಪೆಯಲ್ಲಿ ಇಳಿದು ಅರಬೈಲಿನಲ್ಲಿ ಹತ್ತಿದರೆ ನಾಲ್ಕು ತಾಲ್ಲೂಕಿನ ಮಾನವೂ ಉಳಿಯುತ್ತದೆ. ನ್ಯಾಮತಿಯವರು ಇದನ್ನೂ ಒಪ್ಪುವುದಿಲ್ಲ, ಆದರೆ ಕ್ರೂಸರ್ ಅವರದಲ್ಲ. ಮಳೆಗಾಲದಲ್ಲಿ ಮಾತ್ರ ಹೊರಡಬೇಡಿ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಜರಿದು ಜೀವಗಳು ಹೋದದ್ದು ಇದೇ 66ರ ಮೇಲೆ. ಆ ವಿಷಯದಲ್ಲಿ ಅಣಕವಿಲ್ಲ. ಹೇಗೂ ಅಡಿಕೆ ಕೊಯ್ಲು ಮುಗಿದು ರಾಶಿ ಇಡಿಯ ಧಾರಣೆ ನೋಡುವ ತನಕ ಚನ್ನಗಿರಿಯವರು ಗಾಡಿ ಹತ್ತುವುದಿಲ್ಲ. ಜನವರಿಗೆ ಇಟ್ಟುಕೊಳ್ಳಿ.