ಮನ್ಮಥ ಸಂವತ್ಸರದವನು

ನನಗೆ ಎರಡು ವಯಸ್ಸು. ಒಂದು ಅಮ್ಮ ಕೊಟ್ಟದ್ದು, ಇನ್ನೊಂದು ಮೇಷ್ಟರು ಕೊಟ್ಟದ್ದು. ಅಮ್ಮನ ಪ್ರಕಾರ ನಾನು ಹುಟ್ಟಿದ್ದು 1955ರಲ್ಲಿ, ಮನ್ಮಥ ನಾಮ ಸಂವತ್ಸರದ ಕಾರ್ತಿಕ ಮಾಸದಲ್ಲಿ, ರಾಗಿ ಕೊಯ್ಲಿಗೆ ಬಂದಿದ್ದಾಗ. ಮೇಷ್ಟರಿಗೆ ಈ ಲೆಕ್ಕ ಹಿಡಿಸಲಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎಂದರು. ಬೆರಳು ಕಿವಿಗೆ ತಾಗಿತೋ ಇಲ್ಲವೋ, ರಿಜಿಸ್ಟರಿನಲ್ಲಿ ಜೂನ್ 1 ಎಂದು ಬಿತ್ತು. ನನ್ನ ಹಿಂದೆ ಸಾಲಿನಲ್ಲಿದ್ದ ಹುಡುಗರೂ ಜೂನ್ 1ರಂದೇ ಹುಟ್ಟಿದರು. ಆಗಿನ ಹಳ್ಳಿಗಳಲ್ಲಿ ಹೆರಿಗೆಗಳೆಲ್ಲ ಶಾಲೆ ತೆರೆಯುವ ಮುಹೂರ್ತಕ್ಕೇ ಆಗುತ್ತಿದ್ದವು!

ಕೇಂದ್ರ ಸರ್ಕಾರಿ ನೌಕರಿಯಲ್ಲಿ ತಿಂಗಳ ಮೊದಲ ತಾರೀಖಿನಂದು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕು. ಹಾಗಾಗಿ 2015ರ ಮೇ ಮುಗಿಯುವಷ್ಟರಲ್ಲಿ ನಮ್ಮ ಕಚೇರಿಯ ಜೂನ್ ಒಂದರವರಿಗೆಲ್ಲ ಸಾಮೂಹಿಕ ಹಾರ, ಶಾಲು, ಮೈಸೂರು ಪಾಕು. ಕಾರ್ತಿಕದವರೆಗೆ ಬರಬೇಕಿದ್ದ ಸಂಬಳ ಮಾತ್ರ ಮೇಷ್ಟರು ಮುಟ್ಟಿಸಿದ ಆ ಕಿವಿಗೆ ವಜಾ.

ಅದೇ ವರ್ಷ ಮನ್ಮಥನೂ ಮರಳಿ ಬಂದ. ಸಂವತ್ಸರದ ಚಕ್ರ 60 ವರ್ಷಗಳದ್ದು; ಒಂದು ಸುತ್ತು ಮುಗಿಸಿದವನಿಗೆ ಷಷ್ಟ್ಯಬ್ದಿ ಶಾಂತಿ. ಮಕ್ಕಳು ಹೋಮ ಮಾಡಿಸಿ, ಅವರಮ್ಮನಿಗೆ ನನ್ನಿಂದ ಇನ್ನೊಮ್ಮೆ ತಾಳಿ ಕಟ್ಟಿಸಿದರು. ಮೊದಲ ಸಲ ಕೈ ನಡುಗಿ ಗಂಟು ಬೀಳಲಿಲ್ಲ. ಈ ಸಲ ಕನ್ನಡಕವಿಲ್ಲದೆ ಗಂಟೇ ಕಾಣಲಿಲ್ಲ. "ಇನ್ನೂ ಎಷ್ಟು ಹೊತ್ತು, ಕತ್ತು ನೋಯುತ್ತೆ" ಎಂದಳು ಮದುವಣಗಿತ್ತಿ. ಮನ್ಮಥನ ಬೆನ್ನಿಗೇ ದುರ್ಮುಖಿ, ಹೇವಿಳಂಬಿ, ವಿಳಂಬಿ, ವಿಕಾರಿ ಒಂದೊಂದಾಗಿ ಬಂದವು. ಸಂವತ್ಸರಗಳಿಗೆ ಹೆಸರಿಟ್ಟವರು ಅರವತ್ತು ದಾಟಿದವರೇ ಇರಬೇಕು.

ಪಿಂಚಣಿದಾರ ಪ್ರತಿ ನವೆಂಬರಿನಲ್ಲಿ ತಾನು ಬದುಕಿದ್ದೇನೆಂದು ರುಜುವಾತು ಮಾಡಬೇಕು. 2014ರಲ್ಲಿ 'ಜೀವನ್ ಪ್ರಮಾಣ್' ಬಂದ ಮೇಲೆ ಇದಕ್ಕೆ ಬೆರಳಚ್ಚು ಸಾಕು. ಆದರೆ ವರ್ಷಗಟ್ಟಲೆ ಕಡತ ತಿರುವಿ ಸವೆದ ನನ್ನ ಹೆಬ್ಬೆರಳನ್ನು ಯಂತ್ರ ಒಪ್ಪಲಿಲ್ಲ. ಮೊಮ್ಮಗಳು ಮೊಬೈಲಿನಲ್ಲಿ ಮುಖ ತೋರಿಸುವ ದಾರಿ ಹುಡುಕಿದಳು. ಅದರಲ್ಲಿ ಕಣ್ಣು ಮಿಟುಕಿಸಬೇಕಂತೆ. ಇಪ್ಪತ್ತರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಹೀಗೆ ಮಿಟುಕಿಸಿದ್ದರೆ ಚಪ್ಪಲಿ ಏಟು ಬೀಳುತ್ತಿತ್ತು. ಈಗ ಭಾರತ ಸರ್ಕಾರವೇ ಮಿಟುಕಿಸು ಎನ್ನುತ್ತದೆ, ಮಿಟುಕಿಸಿದರೆ ಪಿಂಚಣಿಯನ್ನೂ ಕೊಡುತ್ತದೆ. ಮನ್ಮಥ ಸಂವತ್ಸರದವನಿಗೆ ಇದಕ್ಕಿಂತ ಏನು ಬೇಕು?

ಅರವತ್ತಾದವರಿಗೆ ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ ಟಿಕೆಟಿಗೆ ಶೇಕಡ 25 ರಿಯಾಯಿತಿ. ಮೊದಮೊದಲು ಕಂಡಕ್ಟರು ಗುರುತಿನ ಚೀಟಿ ಕೇಳಿ, ಫೋಟೋ ನೋಡಿ, ಮುಖ ನೋಡಿ, ಟಿಕೆಟ್ ಹರಿಯುತ್ತಿದ್ದ. ಆ ಅನುಮಾನದ ಖುಷಿಯೇ ಬೇರೆ. ಈಚೆಗೆ ಯಾರೂ ಚೀಟಿ ಕೇಳುವುದಿಲ್ಲ. ಪಕ್ಕದಲ್ಲಿ ಕುಳಿತ ಹೆಂಡತಿಗೆ 2023ರ ಶಕ್ತಿ ಯೋಜನೆಯಿಂದ ಪ್ರಯಾಣವೇ ಉಚಿತ. "ಹದಿನೆಂಟಾದರೂ ಅಷ್ಟೆ, ಎಂಬತ್ತಾದರೂ ಅಷ್ಟೆ. ನಮ್ಮ ವಯಸ್ಸು ಯಾರಿಗೆ ಬೇಕು?" ಎಂದು ಕಿಟಕಿಯ ಸೀಟನ್ನೂ ಅವಳೇ ಹಿಡಿಯುತ್ತಾಳೆ.

ಮಗನಿಗೆ ನಾನು ಸುಮ್ಮನೆ ಕೂತರೆ ಸಹಿಸದು. ಮಾಸ್ತಿಯವರು 'ಚಿಕವೀರ ರಾಜೇಂದ್ರ' ಪ್ರಕಟಿಸಿದಾಗ ಅವರಿಗೆ 65, ಕಾರಂತರ 'ಮೂಕಜ್ಜಿಯ ಕನಸುಗಳು' ಬಂದಾಗ ಅವರಿಗೂ ಅಷ್ಟೇ ವಯಸ್ಸು, ನೀವೂ ಅನುಭವ ಬರೆಯಿರಿ ಎನ್ನುತ್ತಾನೆ. ಬರೆದರೆ ಅವನು ಓದುತ್ತಾನೆಯೇ? ನಾನು ಬಾಯಿ ತೆರೆದರೆ ಮೊಮ್ಮಕ್ಕಳು ಮೊಬೈಲ್ ನೋಡುತ್ತಾರೆ. ಅದರಲ್ಲಿ ಬೇಜಾರೇನಿಲ್ಲ. ನಮ್ಮಜ್ಜ ಬರಗಾಲದ ಕಥೆ ತೆಗೆದಾಗ ನಾವು ಬಾಗಿಲು ನೋಡುತ್ತಿದ್ದೆವು, ಅಷ್ಟೇ ವ್ಯತ್ಯಾಸ. ಅನುಭವವನ್ನು ಆಸ್ತಿಯ ಹಾಗೆ ಪಾಲು ಮಾಡಿ ಕೊಡಲು ಬರುವುದಿಲ್ಲ. ಕೊಡಲು ಬಂದಿದ್ದರೆ ಅದಕ್ಕೂ ಕೋರ್ಟಿನಲ್ಲಿ ದಾವೆ ಇರುತ್ತಿತ್ತು.

ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ವಯಸ್ಸೆನ್ನುವುದು ಯಾವಾಗಲೂ ಬೇರೆಯವರು ಹೇರಿದ್ದು: ಮೇಷ್ಟರು, ಪುರೋಹಿತರು, ಖಜಾನೆ, ಕಂಡಕ್ಟರು. ಒಳಗಿರುವವನನ್ನು ಯಾರೂ ಕೇಳಿದವರಿಲ್ಲ. ಕೇಳಿದ್ದರೆ, ತನಗೆ ಇಪ್ಪತ್ತೈದರ ಮೇಲೆ ಒಂದು ದಿನವೂ ಆಗಿಲ್ಲ ಎಂದು ಆಣೆ ಮಾಡುತ್ತಿದ್ದ. ಮೊಣಕಾಲು ಮಾತ್ರ ಸಾಕ್ಷಿ ಹೇಳಲು ಬರುವುದಿಲ್ಲ.

ಆದ್ದರಿಂದ ಕಿರಿಯರಲ್ಲಿ ನನ್ನದೊಂದೇ ಕೋರಿಕೆ. ಬಸ್ಸಿನಲ್ಲಿ ನರೆತ ತಲೆ ಕಂಡರೆ ಖಂಡಿತ ಎದ್ದು ಸೀಟು ಕೊಡಿ, ಬೇಡವೆನ್ನುವಷ್ಟು ಜಂಬ ನಮಗಿಲ್ಲ. ಆದರೆ ಕೊಡುವಾಗ "ಬನ್ನಿ ತಾತ" ಎನ್ನಬೇಡಿ. "ಬನ್ನಿ ಸಾರ್" ಅಂದರೆ ಸಾಕು.