ಪುಕ್ಕಟೆ ಬಿಸಿಲಿನ ಪರೀಕ್ಷಕರು

ಉಮರ್ಗಾ, ನಿಲಂಗಾ, ಉದಗೀರ ಈ ಮೂರೂರುಗಳ ಪೈಕಿ ಯಾವುದರ ಯಾವ ಓಣಿಯನ್ನು ಹೊಕ್ಕರೂ ಒಬ್ಬ ಕಾಕಾ ಅವರ ದರ್ಶನವಾಗದೆ ಇರದು. ಬೆಲೆಯನ್ನು ಮರಾಠಿಯಲ್ಲಿ ಕೇಳಿ, ಚೌಕಾಶಿಯನ್ನು ದಖನಿಯಲ್ಲಿ ನಡೆಸಿ, ಲೆಕ್ಕವನ್ನು ಮಾತ್ರ ಕನ್ನಡದಲ್ಲಿ ಬೆರಳೆಣಿಸಿ ಮುಗಿಸುವ ಈ ಮಹನೀಯರು, ಹಣ ಕೊಟ್ಟು ಕೊಳ್ಳುವ ಪದಾರ್ಥವನ್ನು ಒಮ್ಮೆ ಪರೀಕ್ಷಿಸಿದರೆ ಪುಕ್ಕಟೆ ದೊರೆಯುವುದನ್ನು ಏಳು ಬಾರಿ ಪರೀಕ್ಷಿಸುವರು. ಈ ಸಂಶಯಕ್ಕೆ ಚರಿತ್ರೆಯ ಆಧಾರವೂ ಇಲ್ಲದಿಲ್ಲ. ನಿಲಂಗಾ, ಉದಗೀರಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದು, ಬಳಿಕ ಮುಂಬಯಿ ರಾಜ್ಯಕ್ಕೆ ಸೇರಿ, 1982ರಲ್ಲಿ ಲಾತೂರ ಜಿಲ್ಲೆಯ ಪಾಲಾದವು. ಕುಳಿತ ಕಟ್ಟೆಯಿಂದ ಏಳದೆಯೇ ರಾಜ್ಯವೂ ಜಿಲ್ಲೆಯೂ ಬದಲಾದುದನ್ನು ಕಂಡ ಮನೆತನದವರು ಸರಕಾರದ ಮಾತನ್ನು ಕೇಳಿದೊಡನೆ ನಂಬುವರೆಂದು ನಿರೀಕ್ಷಿಸುವುದು ನ್ಯಾಯವಲ್ಲ.

2024ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ‘ಪಿಎಂ ಸೂರ್ಯಘರ್: ಮುಫ್ತ್ ಬಿಜಲಿ ಯೋಜನೆ’ಯನ್ನು ಆರಂಭಿಸಿ, ಒಂದು ಕೋಟಿ ಮನೆಗಳ ಮಾಳಿಗೆಯ ಮೇಲೆ ಸೋಲಾರ್ ಫಲಕಗಳನ್ನೇರಿಸಿ ತಿಂಗಳಿಗೆ 300 ಯೂನಿಟ್‌ವರೆಗೆ ವಿದ್ಯುತ್ತನ್ನು ಉಚಿತವಾಗಿಸುವೆನೆಂದು ಸಾರಿದಂದಿನಿಂದ ಕಾಕಾ ಅವರಿಗೆ ವಿಶ್ರಾಂತಿಯಿಲ್ಲ. ಮೋಟಾರ್ ಸೈಕಲ್ಲಿನ ಮೇಲೆ ಕರಪತ್ರ ಹೊತ್ತು ಬಂದ ತರುಣನೊಬ್ಬನು “ಕಾಕಾ, ಎಲ್ಲಾ ಪುಕ್ಕಟೆ!” ಎಂದು ಹರ್ಷದಿಂದ ಘೋಷಿಸುವನು.

“ಕೂಡು ತಮ್ಮಾ, ಚಹಾ ಕುಡಿ. ಪುಕ್ಕಟೆ ಅಂದ್ರ ಎಷ್ಟು ಪುಕ್ಕಟೆ?”

ಚಹಾದ ಬಟ್ಟಲು ಬರಿದಾಗುವಷ್ಟರಲ್ಲಿ ಸತ್ಯವು ಒಂದೊಂದಾಗಿ ಹೊರಬೀಳುವುದು. ಮೊದಲೆರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಅದಕ್ಕಿಂತ ದೊಡ್ಡದನ್ನು ಕೂಡಿಸಿದರೂ ಪೈಸೆ ಹೆಚ್ಚಿಲ್ಲ. ಉಳಿದುದು ಮನೆಯವರದು, ಇಲ್ಲವೆ ಬ್ಯಾಂಕಿನ ಸಾಲದ್ದು. ಅದರಲ್ಲೂ ಆ ಸಬ್ಸಿಡಿಯು ಫಲಕಗಳು ಮೇಲೇರಿ, ಪರಿಶೀಲನೆ ಮುಗಿದು, ನೆಟ್ ಮೀಟರ್ ಕುಳಿತ ತರುವಾಯವೇ ಖಾತೆಗೆ ಜಮೆಯಾಗತಕ್ಕದ್ದು.

“ಅಂದ್ರ ಮೊದಲ ನಾ ಕೊಡೂದು, ಆಮ್ಯಾಲೆ ಸರಕಾರ ನನಗ ಕೊಡೂದು. ಸರಕಾರಕ್ಕ ಕೈಗಡ ಕೊಡೂ ಮಟ್ಟಕ್ಕ ಬೆಳದೀನಿ ಅನ್ನು!”

ಅನಂತರ ಮಾಳಿಗೆಯ ವಿಚಾರ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವು ಕಲ್ಲುಮಣ್ಣಿನ ಮನೆಗಳನ್ನು ನಿದ್ರಿಸುತ್ತಿದ್ದವರ ಮೇಲೆಯೇ ಕೆಡವಿದ ಸೀಮೆಯಿದು. ಇಲ್ಲಿ ತಲೆಯ ಮೇಲಿನ ಭಾರವೆಷ್ಟೆಂದು ಕೇಳುವವನನ್ನು ಕಂಡು ನಗುವುದು ತರವಲ್ಲ. ತರುಣನೂ ನಗದೆ ಉತ್ತರ ಹೇಳುವನು. ಆದರೆ ಕರೆಂಟ್ ಹೋದಾಗ ಇದೂ ನಿಲ್ಲುವುದೇನು ಎಂಬ ಮುಂದಿನ ಪ್ರಶ್ನೆಗೆ ಅವನ ಹರ್ಷ ಕುಗ್ಗುವುದು. ತಂತಿ ದುರಸ್ತಿ ಮಾಡುವವನ ಪ್ರಾಣರಕ್ಷಣೆಗಾಗಿ, ಬ್ಯಾಟರಿಯಿಲ್ಲದ ಯಂತ್ರವು ಅಂಥ ಸಮಯದಲ್ಲಿ ತಾನಾಗಿ ಸ್ತಬ್ಧವಾಗುವುದೆಂದು ಅವನು ಒಪ್ಪಿಕೊಳ್ಳಲೇಬೇಕು.

“ತಲಿ ಮ್ಯಾಲೆ ಸೂರ್ಯ, ಕೈಯಾಗ ಬೀಸಣಿಕಿ!” ಎಂದು ಕಾಕಾ ತೀರ್ಪು ಕೊಡುವರು.

ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 100 ಚದರಡಿ ಜಾಗ ಬೇಕೆಂಬ ಮಾತು ಒಳಮನೆಯನ್ನು ಮುಟ್ಟಿದಾಗ, ಅಲ್ಲಿಯವರೆಗೆ ಮೌನವಾಗಿದ್ದ ಅವರ ಮಡದಿ ಕಾಕು ಅವರು, “ಮೂರನೂರು ಫೂಟು ಅವಂಗ ಕೊಟ್ರ ನನ್ನ ಶಂಡಗಿ ಎಲ್ಲಿ ಒಣಸಲಿ?” ಎಂದು ಕೇಳುವರು. ಯಾವ ಕರಪತ್ರದಲ್ಲಿಯೂ ಇದಕ್ಕೆ ಉತ್ತರವಿಲ್ಲವಾದುದರಿಂದ ಸಭೆ ಮುಂದಕ್ಕೆ ಹೋಗುವುದು.

ಕಾಕಾ ಅವರ ಪ್ರಶ್ನೆಗಳಲ್ಲಿ ಒಂದೂ ತಪ್ಪಲ್ಲ. ನೋಂದಣಿಯಿಲ್ಲದೆ ಮುಂಗಡ ಬೇಡಲು ಬಂದವರು ಅವರ ಎರಡನೆಯ ಪ್ರಶ್ನೆಗೇ ಪಾದರಕ್ಷೆ ಮೆಟ್ಟಿಕೊಂಡಿರುವರು. ಓಣಿಯ ನಾಲ್ಕಾರು ಮನೆಗಳ ಹಣ ಉಳಿದುದು ಅವರ ಸಂಶಯದಿಂದಲೇ. ಅವರ ಪ್ರಶ್ನೆಗಳಿಗೆಲ್ಲ ನೇರವಾದ ಉತ್ತರ ಕೊಟ್ಟವನಿಂದ ನೆರೆಯವರು ಫಲಕ ಹಾಕಿಸಿಕೊಂಡರು, ತಿಂಗಳ ಬಿಲ್ಲನ್ನೂ ಇಳಿಸಿಕೊಂಡರು. ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡಬಲ್ಲ ಬಿಸಿಲು ಕಾಕಾ ಅವರ ಮಾಳಿಗೆಯ ಮೇಲೆ ಮಾತ್ರ ಶಂಡಿಗೆಯನ್ನಷ್ಟೇ ಒಣಗಿಸುತ್ತಿದೆ, ವಿದ್ಯುತ್ ಕಂಪನಿ ಮಹಾವಿತರಣದ ಬಿಲ್ಲು ತಪ್ಪದೆ ಬರುತ್ತಿದೆ. ಆದುದರಿಂದ ವಾಚಕರು ಅವರ ಪ್ರಶ್ನೆಗಳನ್ನೆಲ್ಲ ಅವಶ್ಯವಾಗಿ ಕೇಳಬೇಕು. ಉತ್ತರ ಬಂದಮೇಲೆ ಮಾತ್ರ ಅವರನ್ನು ಅನುಸರಿಸಬಾರದು. ಯೋಜನೆಯ ಅವಧಿ 2026-27ನೆಯ ಹಣಕಾಸು ವರ್ಷದವರೆಗೆ; ಕಾಕಾ ಅವರ ವಿಚಾರಣೆಗೆ ಅವಧಿಯೇ ಇಲ್ಲ.